ಮೊದಲ ಸಲ ಒಬ್ಬಳೇ ಲಂಡನ್‌ಗೆ, ನಿದ್ದೆ ಬರುತ್ತಿಲ್ಲ: ಹೋಗಿ ಬಂದವರು ಹೇಳಿ

ನಮಸ್ಕಾರ ಎಲ್ಲರಿಗೂ. ನವೆಂಬರ್ ಕೊನೆಯ ವಾರ ಆರು ದಿನಕ್ಕೆ ಲಂಡನ್‌ಗೆ ಹೋಗುತ್ತಿದ್ದೇನೆ, ಒಬ್ಬಳೇ. ಜೊತೆಗೆ ಬರಬೇಕಿದ್ದ ಗೆಳತಿಗೆ ರಜೆ ಸಿಗಲಿಲ್ಲ. ಟಿಕೆಟ್ ರದ್ದು ಮಾಡಿದರೆ ಪೂರ್ತಿ ದುಡ್ಡು ವಾಪಸ್ ಬರಲ್ಲ, ಹಾಗಾಗಿ ಯಾವುದೋ ಹುಮ್ಮಸ್ಸಿನಲ್ಲಿ ‘ನಾನೊಬ್ಬಳೇ ಹೋಗ್ತೀನಿ ಬಿಡು’ ಅಂದುಬಿಟ್ಟೆ. ವೀಸಾ ಆಗಿದೆ, ರೂಮ್ ಆಗಿದೆ. ಈಗ ರಾತ್ರಿ ಎರಡು ಗಂಟೆಗೆ ಎದ್ದು ಕೂತು ಮ್ಯಾಪ್ ನೋಡುತ್ತೇನೆ. ಇದುವರೆಗೆ ದೇಶ ಬಿಟ್ಟು ಹೋದವಳಲ್ಲ. ಬೆಳಿಗ್ಗೆ 7ಕ್ಕೆ ಹೀಥ್ರೋದಲ್ಲಿ ಇಳಿಯುತ್ತೇನೆ, ರೂಮ್ ಕೊಡುವುದು ಮಧ್ಯಾಹ್ನ 3ಕ್ಕೆ. ಏನೇನು ನೋಡಬೇಕು ಅನ್ನುವ ಪಟ್ಟಿ ಬೇಡ, ಅದು ಎಲ್ಲ ಕಡೆ ಸಿಗುತ್ತೆ. ನೀವು ಮೊದಲ ಸಲ ಒಬ್ಬರೇ ಹೋದಾಗ ಏನಾಯ್ತು, ಎಲ್ಲಿ ಎಡವಿದಿರಿ, ಅದನ್ನು ಹೇಳಿ.

*

ನಾನೂ ನಿಮ್ಮ ಹಾಗೇ ನಿದ್ದೆಗೆಟ್ಟವಳು. ಆಗ ಆಫೀಸಿನಲ್ಲಿ ಹಿರಿಯರೊಬ್ಬರು ಒಂದು ಮಾತು ಹೇಳಿದರು: ಆರು ದಿನದ ಯೋಚನೆ ಬಿಟ್ಟುಬಿಡು, ವಿಮಾನದ ಬಾಗಿಲಿನಿಂದ ಹೋಟೆಲ್ ಬಾಗಿಲಿನ ತನಕ ಮಾತ್ರ ಯೋಚಿಸು. ನಾನು ಅಷ್ಟನ್ನೇ ಮಾಡಿದೆ. ಒಂದು ಹಾಳೆ ತಗೊಂಡು ಆ ನಾಲ್ಕು ಗಂಟೆಯನ್ನು ಹೆಜ್ಜೆ ಹೆಜ್ಜೆಯಾಗಿ ಬರೆದೆ. ಇಳಿಯುವುದು, ಇಮಿಗ್ರೇಷನ್, ಲಗೇಜ್, ಯಾವ ರೈಲು, ಯಾವ ಸ್ಟೇಷನ್, ಅಲ್ಲಿಂದ ಎಡಕ್ಕೋ ಬಲಕ್ಕೋ. ಉಳಿದ ಐದೂವರೆ ದಿನಕ್ಕೆ ಒಂದಕ್ಷರ ಬರೆಯಲಿಲ್ಲ. ಹಾಳೆ ಬರೆದು ಮುಗಿಸಿದ ರಾತ್ರಿ ಸರಿಯಾಗಿ ನಿದ್ದೆ ಬಂತು, ಸುಳ್ಳಲ್ಲ.

ಇಮಿಗ್ರೇಷನ್ ಸಾಲಿನಲ್ಲಿ ನನಗೆ ಹತ್ತಿರ ಹತ್ತಿರ ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಉತ್ತರ ಬಾಯಿಪಾಠ ಮಾಡುತ್ತಾ ನಿಂತಿದ್ದೆ, ಅಂಗೈ ಬೆವರಿ ಪಾಸ್‌ಪೋರ್ಟ್ ಹೊದಿಕೆ ಜಾರುತ್ತಿತ್ತು. ಕೇಳಿದ್ದು ನಾಲ್ಕೇ ಪ್ರಶ್ನೆ. ಯಾಕೆ ಬಂದಿರಿ, ಎಷ್ಟು ದಿನ, ಎಲ್ಲಿ ಉಳಿಯುತ್ತೀರಿ, ಜೊತೆಗೆ ಯಾರಿದ್ದಾರೆ. ಯಾರೂ ಇಲ್ಲ ಅಂದೆ. ತಲೆ ಆಡಿಸಿ ಮುದ್ರೆ ಒತ್ತಿದರು, ಮುಗೀತು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಗೆಳತಿಗೆ ರಜೆ ಸಿಗದ ಕಥೆಯನ್ನೆಲ್ಲ ಅಲ್ಲಿ ಬಿಚ್ಚಬೇಡಿ. ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್, ಇನ್ಶೂರೆನ್ಸ್ ಮೂರನ್ನೂ ಕಾಗದದಲ್ಲಿ ಇಟ್ಟುಕೊಳ್ಳಿ. ಫೋನ್ ಚಾರ್ಜ್ ಯಾವಾಗ ಕೈಕೊಡುತ್ತದೆ ಅಂತ ಯಾರಿಗೆ ಗೊತ್ತು?

ಈಗ ರೈಲು. ಹೀಥ್ರೋದಿಂದ ಊರೊಳಗೆ ಹೋಗಲು ಮುಖ್ಯವಾಗಿ ಮೂರು ದಾರಿ ಇವೆ. ಹೀಥ್ರೋ ಎಕ್ಸ್‌ಪ್ರೆಸ್ ಊರೊಳಗಿನ ಪ್ಯಾಡಿಂಗ್ಟನ್ ಸ್ಟೇಷನ್‌ಗೆ 15 ನಿಮಿಷದಲ್ಲಿ ಹೋಗುತ್ತದೆ, ಆ ಹೊತ್ತಿಗೆ ಟಿಕೆಟ್ ಕೊಳ್ಳುವವರಿಗೆ ದುಬಾರಿ. ಪಿಕಡಿಲಿ ಲೈನ್ ಎಲ್ಲಕ್ಕಿಂತ ಅಗ್ಗ, ಆದರೆ ಊರ ನಡುವೆ ತಲುಪಲು ಒಂದು ಗಂಟೆಯ ಹತ್ತಿರ ಬೇಕು. ಎಲಿಜಬೆತ್ ಲೈನ್ ಇವೆರಡರ ನಡುವಿನದು, ಪ್ಯಾಡಿಂಗ್ಟನ್‌ಗೆ ಸುಮಾರು ಅರ್ಧ ಗಂಟೆ. ದೊಡ್ಡ ಸೂಟ್‌ಕೇಸ್ ಇದ್ದರೆ ನನ್ನ ಮತ ಎಲಿಜಬೆತ್ ಲೈನ್‌ಗೆ. ಯಾಕಂದರೆ ಅದರ ಎಲ್ಲ ಸ್ಟೇಷನ್‌ಗಳಲ್ಲೂ ಮೆಟ್ಟಿಲು ಹತ್ತದೆ ಬೀದಿಗೆ ಬರಬಹುದು. ಹಳೆಯ ಟ್ಯೂಬ್ (ನೆಲದಡಿ ರೈಲು) ಸ್ಟೇಷನ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಆ ಅನುಕೂಲ ಇಲ್ಲ. ನಾನು ಇದು ಗೊತ್ತಿಲ್ಲದೆ ಕಾವೆಂಟ್ ಗಾರ್ಡನ್‌ನಲ್ಲಿ ಇಳಿದೆ. ಅಲ್ಲಿ ಲಿಫ್ಟ್ ಇದೆ, ಆದರೆ ಮುಂದೆ ಜನ ಜಾತ್ರೆ. ಪಕ್ಕದಲ್ಲಿ ಮೆಟ್ಟಿಲು ಕಂಡಿತು. ಎಷ್ಟಿರಬಹುದು, ನಲವತ್ತು ಐವತ್ತು ಅಂದುಕೊಂಡು ಸೂಟ್‌ಕೇಸ್ ಎತ್ತಿಕೊಂಡು ಹೊರಟೆ. ಅದು ಸುರುಳಿ ಮೆಟ್ಟಿಲು, ಎಷ್ಟು ಹತ್ತಿದರೂ ಮೇಲೆ ಏನೂ ಕಾಣದು. ಒಟ್ಟು 193. ಕೆಳಗೆ ಬೋರ್ಡಿನಲ್ಲಿ ಬರೆದೂ ಇದೆ, ನಾನು ಓದಲಿಲ್ಲ ಅಷ್ಟೇ. ಅರ್ಧದಲ್ಲಿ ಸೂಟ್‌ಕೇಸ್ ಮೇಲೆ ಕೂತು ಒಬ್ಬಳೇ ನಕ್ಕೆ. ಮನೆ ಬಿಟ್ಟ ಮೇಲೆ ಮೊದಲ ಸಲ ನಕ್ಕಿದ್ದು ಅದೇ.

3 ಗಂಟೆ ತನಕ ಏನು ಮಾಡೋದು ಅನ್ನುವುದಕ್ಕೆ: ಸೀದಾ ಹೋಟೆಲ್‌ಗೇ ಹೋಗಿ, ಬ್ಯಾಗ್ ಇಟ್ಟುಕೊಳ್ಳುತ್ತೀರಾ ಅಂತ ಕೇಳಿ. ಬಹುತೇಕ ಕಡೆ ಇಟ್ಟುಕೊಳ್ಳುತ್ತಾರೆ. ಹೋಗುವ ಮುಂಚೆಯೇ ಒಂದು ಮೇಲ್ ಹಾಕಿ ಖಚಿತ ಮಾಡಿಕೊಂಡರೆ ಇನ್ನೂ ಒಳ್ಳೇದು. ಹಲ್ಲುಜ್ಜುವ ಸಾಮಾನು, ಒಂದು ಜೊತೆ ಬಟ್ಟೆ, ಚಾರ್ಜರ್ ಕೈಚೀಲದಲ್ಲೇ ಇರಲಿ. ಆಮೇಲೆ ಹೊರಗೆ ನಡೆಯಿರಿ. ಎಲ್ಲಾದರೂ ಬೆಚ್ಚಗಿನ ಜಾಗದಲ್ಲಿ ಕೂತರೆ ನಿದ್ದೆ ಬಂದುಬಿಡುತ್ತದೆ, ನಾನು ನ್ಯಾಷನಲ್ ಗ್ಯಾಲರಿಯ ಬೆಂಚಿನ ಮೇಲೆ ತೂಕಡಿಸಿದ್ದೇನೆ, ಎದುರಿಗೆ ಯಾವ ಚಿತ್ರ ಇತ್ತು ಅಂತ ಈಗಲೂ ಗೊತ್ತಿಲ್ಲ.

*

ಅಡಾಪ್ಟರ್. ಮೂರು ಚೌಕಾಕಾರದ ಕಡ್ಡಿ ಇರುವ ಬ್ರಿಟಿಷ್ ಪ್ಲಗ್, ಟೈಪ್ ಜಿ ಅಂತ ಕೇಳಿ. ಎರಡು ತಗೊಳ್ಳಿ. ಒಂದು ಕೈಚೀಲಕ್ಕೆ, ಒಂದು ಸೂಟ್‌ಕೇಸ್‌ಗೆ. ಬೇರೆ ಎಲ್ಲ ಮರೆತರೂ ಇದನ್ನು ಮರೆಯಬೇಡಿ. ನನ್ನದು ಇಷ್ಟೇ.

*

ಮೇಲಿನವರು ಹೇಳಿದ ಹಾಳೆಗೆ ಒಂದು ಸಾಲು ಸೇರಿಸಿಕೊಳ್ಳಿ: ಯಾವುದರಿಂದ ಒಳಗೆ ಹೋದಿರೋ ಅದರಿಂದಲೇ ಹೊರಗೆ ಬನ್ನಿ.

ಲಂಡನ್‌ನಲ್ಲಿ ಟಿಕೆಟ್ ಕೊಳ್ಳುವ ತಲೆನೋವು ಇಲ್ಲ. ಕಾಂಟ್ಯಾಕ್ಟ್‌ಲೆಸ್ ಕಾರ್ಡನ್ನು ಗೇಟಿನ ಹಳದಿ ಗುಂಡಿಗೆ ಮುಟ್ಟಿಸಿ ಒಳಗೆ ಹೋಗಿ, ಇಳಿದ ಕಡೆ ಮತ್ತೆ ಮುಟ್ಟಿಸಿ ಹೊರಗೆ ಬನ್ನಿ. ಇಂತಿಷ್ಟು ಆದ ಮೇಲೆ ಆ ದಿನಕ್ಕೆ ಮತ್ತೆ ದುಡ್ಡು ಕತ್ತರಿಸಲ್ಲ, ದಿನದ ಮಿತಿ ಅಂತ ಒಂದಿದೆ. ಇದೆಲ್ಲ ಓದಿಕೊಂಡೇ ಹೋಗಿದ್ದೆ ನಾನು. ಓದದೇ ಇದ್ದಿದ್ದು ಒಂದೇ: ಫೋನಿನಲ್ಲಿ ಅದೇ ಕಾರ್ಡ್ ಇದ್ದರೂ ಆ ಯಂತ್ರಕ್ಕೆ ಫೋನ್ ಬೇರೆ, ಕೈಯಲ್ಲಿರುವ ಕಾರ್ಡ್ ಬೇರೆ. ಮೊದಲ ದಿನ ಹತ್ತುವಾಗ ಫೋನ್ ಮುಟ್ಟಿಸಿದೆ, ಇಳಿಯುವಾಗ ಹಿಂದೆ ಜನ ನಿಂತಿದ್ದಾರೆ ಅಂತ ಗಡಿಬಿಡಿಯಲ್ಲಿ ಕಾರ್ಡ್ ಮುಟ್ಟಿಸಿದೆ. ಗೇಟ್ ಏನೋ ತೆರೆಯಿತು. ಮರುದಿನ ನೋಡಿದರೆ ಎರಡು ಅರೆಬರೆ ಪ್ರಯಾಣ, ಎರಡಕ್ಕೂ ಗರಿಷ್ಠ ದರ! ದಿನದ ಮಿತಿಯೂ ಎರಡು ಕಡೆ ಹಂಚಿಹೋಯಿತು. ಆಮೇಲೆ ಒಂದು ಕಾರ್ಡನ್ನು ಓಡಾಟಕ್ಕೆ ಅಂತಲೇ ಜಾಕೆಟ್‌ನ ಎಡ ಜೇಬಿನಲ್ಲಿ ಇಟ್ಟುಬಿಟ್ಟೆ.

ಬಸ್ಸಿನಲ್ಲಿ ಹತ್ತುವಾಗ ಮಾತ್ರ ಮುಟ್ಟಿಸಿದರೆ ಸಾಕು, ಇಳಿಯುವಾಗ ಬೇಡ. ಬಸ್ಸಿನಲ್ಲಿ ನೋಟು ಚಿಲ್ಲರೆ ತಗೊಳ್ಳೋದನ್ನು 2014ರಲ್ಲೇ ನಿಲ್ಲಿಸಿದ್ದಾರೆ. ಒಂದು ಸಲ ಮುಟ್ಟಿಸಿದರೆ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಒಂದೇ ದರ. ದಾರಿ ತಪ್ಪುವ ಭಯ ಇರುವವರಿಗೆ ಇದು ದೊಡ್ಡ ಸಮಾಧಾನ, ತಪ್ಪು ಬಸ್ ಹತ್ತಿದರೆ ಇಳಿದು ಇನ್ನೊಂದು ಹತ್ತಿದರಾಯಿತು, ಯಾರೂ ಕೇಳಲ್ಲ. ಮೊದಲ ಬೆಳಿಗ್ಗೆ ಏನೂ ತೋಚದಿದ್ದರೆ 24ನೇ ನಂಬರ್ ಬಸ್ ಹತ್ತಿ ಮಹಡಿಯ ಮುಂದಿನ ಸೀಟಿನಲ್ಲಿ ಕೂರಿ. ಕ್ಯಾಮ್‌ಡೆನ್ ಕಡೆಯಿಂದ ಟ್ರಫಾಲ್ಗರ್ ಸ್ಕ್ವೇರ್, ಪಾರ್ಲಿಮೆಂಟ್ ಎಲ್ಲ ದಾಟಿಕೊಂಡು ಹೋಗುತ್ತದೆ. ಯಾರ ಜೊತೆಗೂ ಮಾತಾಡಬೇಕಿಲ್ಲ, ಏನೂ ತೀರ್ಮಾನ ಮಾಡಬೇಕಿಲ್ಲ. ಗಾಜಿನ ಹಿಂದೆ ಕೂತು ಊರು ನೋಡುತ್ತಾ ನೋಡುತ್ತಾ ಹೆದರಿಕೆ ತಾನಾಗಿ ಕಮ್ಮಿ ಆಗುತ್ತೆ.

*

ದುಡ್ಡಿನ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ನಮ್ಮ ಚಿಕ್ಕಪ್ಪ ಯಾವುದೋ ಕಾಲದಲ್ಲಿ ಹೋಗಿ ಬಂದಾಗ ಉಳಿಸಿಕೊಂಡಿದ್ದ ಪೌಂಡ್ ನೋಟುಗಳನ್ನು ಪ್ರೀತಿಯಿಂದ ಕವರಿನಲ್ಲಿ ಹಾಕಿ ಕೊಟ್ಟರು. ‘ಕಷ್ಟಕ್ಕೆ ಆಗುತ್ತೆ ಇಟ್ಕೋ’ ಅಂದರು. ಅಲ್ಲಿ ಮೊದಲ ಅಂಗಡಿಯಲ್ಲಿ ತೆಗೆದು ಕೊಟ್ಟರೆ ಆ ಹುಡುಗಿ ನೋಟನ್ನು ಬೆಳಕಿಗೆ ಹಿಡಿದು, ಅದನ್ನು ಯಾವತ್ತೂ ನೋಡೇ ಇಲ್ಲ ಅನ್ನೋ ಹಾಗೆ ನನ್ನ ಮುಖ ನೋಡಿದಳು. ಕಾಗದದ ನೋಟು ಈಗ ನಡೆಯಲ್ಲ. 20 ಮತ್ತು 50 ಪೌಂಡಿನ ಕಾಗದದ ನೋಟುಗಳು 2022ರ ಸೆಪ್ಟೆಂಬರ್ 30ಕ್ಕೆ ಚಲಾವಣೆಯಿಂದ ಹೋದವು, 5 ಮತ್ತು 10ರದ್ದು ಅದಕ್ಕೂ ಮುಂಚೆ. ಈಗಿನದೆಲ್ಲ ಪಾಲಿಮರ್, ಮುಟ್ಟಿದರೆ ಪ್ಲಾಸ್ಟಿಕ್ ಥರ ನುಣುಪು. ಹಳೆಯದನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಬದಲಿಸಿಕೊಡುತ್ತದೆ ಅನ್ನುವುದು ನಿಜ, ಆದರೆ ಆರು ದಿನದಲ್ಲಿ ಅರ್ಧ ದಿನ ಅದಕ್ಕೆ ಯಾಕೆ ಕೊಡಬೇಕು? ನಿಮಗೂ ಯಾರಾದರೂ ಕವರ್ ಕೊಟ್ಟರೆ ಮೊದಲು ಮುಟ್ಟಿ ನೋಡಿ.

ನಿಜ ಹೇಳಬೇಕೆಂದರೆ ನೋಟು ಜಾಸ್ತಿ ಬೇಕಾಗುವುದೇ ಇಲ್ಲ. ಎರಡು ಕಾರ್ಡ್ ಇರಲಿ, ಬೇರೆ ಬೇರೆ ಬ್ಯಾಂಕಿನದು. ಒಂದು ಮೈಮೇಲೆ, ಇನ್ನೊಂದು ರೂಮಿನಲ್ಲಿ. ಎರಡಕ್ಕೂ ವಿದೇಶದಲ್ಲಿ ಬಳಸುವ ಅನುಮತಿ ಹೊರಡುವ ಮುಂಚೆಯೇ ಆನ್ ಮಾಡಿ, ಕಾಂಟ್ಯಾಕ್ಟ್‌ಲೆಸ್ ಕೂಡ ಆನ್ ಆಗಿದೆಯಾ ನೋಡಿ. ಯಂತ್ರ ‘ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರಾ, ಪೌಂಡಿನಲ್ಲಿ ಕೊಡುತ್ತೀರಾ’ ಅಂತ ಕೇಳಿದರೆ ಕಣ್ಣು ಮುಚ್ಚಿಕೊಂಡು ಪೌಂಡ್ ಒತ್ತಿ. ಇನ್ನೊಂದು ಒತ್ತಿದರೆ ಅವರ ಲೆಕ್ಕದ ದರ ಬೀಳುತ್ತದೆ, ಅದು ಯಾವಾಗಲೂ ನಮಗೆ ನಷ್ಟದ್ದೇ.

ಆಮೇಲೆ ಓಟಿಪಿ. ಅಲ್ಲಿನ ಇ-ಸಿಮ್ ಹಾಕಿಕೊಂಡು ಹಳೆಯ ಸಿಮ್ ತೆಗೆದಿಟ್ಟರೆ ಬ್ಯಾಂಕಿನ ಓಟಿಪಿ ಎಲ್ಲಿಗೆ ಬರಬೇಕು ಹೇಳಿ? ಹಳೆಯ ಸಿಮ್ ಫೋನಿನಲ್ಲೇ ಇರಲಿ, ಮೆಸೇಜ್ ಬರುವಷ್ಟಾದರೂ ರೋಮಿಂಗ್ ಇರಲಿ, ಅದರ ಡೇಟಾ ಮಾತ್ರ ಆಫ್ ಮಾಡಿ. ಇ-ಸಿಮ್ ಇನ್‌ಸ್ಟಾಲ್ ಮಾಡಲು ಇಂಟರ್ನೆಟ್ ಬೇಕು, ಹಾಗಾಗಿ ಮನೆಯಲ್ಲೇ ಮಾಡಿಕೊಂಡು ಹೊರಡಿ.

*

ನಾನು ಹೋದವಳಲ್ಲ, ಕಳಿಸಿದವಳು. ಮಗಳು ಒಬ್ಬಳೇ ಹೊರಟಾಗ ಮನೆಯಲ್ಲಿ ನಮ್ಮ ಪಾಡು ಏನು ಅಂತ ಹೇಳುತ್ತೇನಮ್ಮ, ನಿನಗೂ ಉಪಯೋಗಕ್ಕೆ ಬರಬಹುದು.

ಅವಳು ‘ಇಳಿದ ತಕ್ಷಣ ಮೆಸೇಜ್ ಮಾಡ್ತೀನಿ’ ಅಂದಿದ್ದಳು. ವಿಮಾನ ಇಳಿದಿದ್ದು ನಮಗೆ ಆ್ಯಪ್‌ನಲ್ಲಿ ಕಾಣಿಸಿತು. ಅದಾಗಿ ಎರಡು ಗಂಟೆ ಆದರೂ ಮೆಸೇಜ್ ಇಲ್ಲ. ಅವಳ ಅಪ್ಪ ಹೊರಗೆ ಹೋಗುವುದು, ಒಳಗೆ ಬರುವುದು. ನಾನು ದೇವರ ಮುಂದೆ. ಆಮೇಲೆ ನೋಡಿದರೆ ಅವಳು ಆರಾಮಾಗಿ ಸಾಲಿನಲ್ಲಿ ನಿಂತಿದ್ದಳು, ಅಲ್ಲಿ ಫೋನ್ ಬಳಸಬೇಡಿ ಅಂತ ಬೋರ್ಡ್ ಇತ್ತಂತೆ. ಅವತ್ತಿನಿಂದ ನಾವು ಒಂದು ಒಪ್ಪಂದ ಮಾಡಿಕೊಂಡೆವು. ‘ಇಳಿದ ತಕ್ಷಣ’ ಅನ್ನುವುದು ಇಲ್ಲ. ರೂಮ್ ಸೇರಿದ ಮೇಲೆ ಒಂದು ಮೆಸೇಜ್, ರಾತ್ರಿ ಮಲಗುವ ಮುಂಚೆ ಒಂದು. ಅಷ್ಟು ಬಂದರೆ ಸಾಕು. ಮಧ್ಯೆ ನಾವು ಹತ್ತು ಸಲ ಎಲ್ಲಿದ್ದೀ ಎಲ್ಲಿದ್ದೀ ಅಂತ ಕೇಳೋ ಹಾಗಿಲ್ಲ. ನಮ್ಮ ಗಾಬರಿ ಅವಳಿಗೆ ಅಂಟುತ್ತಿತ್ತು ಅಂತ ಆಮೇಲೆ ಅವಳೇ ಹೇಳಿದಳು.

ಪಾಸ್‌ಪೋರ್ಟ್ ಮತ್ತು ವೀಸಾ ವಿವರ, ಹೋಟೆಲ್ ವಿಳಾಸ, ಇನ್ಶೂರೆನ್ಸ್ ನಂಬರ್ ಎಲ್ಲದರ ಒಂದು ಪ್ರತಿ ಮನೆಯಲ್ಲಿ ಬಿಟ್ಟು ಹೋಗು. ಅಲ್ಲಿನ ತುರ್ತು ನಂಬರ್ 999. ಪ್ರಾಣಕ್ಕೆ ಅಪಾಯ ಇಲ್ಲದ, ಜ್ವರ ಹೊಟ್ಟೆನೋವಿನಂಥ ವಿಷಯಕ್ಕೆ 111. ಇವೆರಡನ್ನೂ ಮಗಳು ನನಗೇ ಬಾಯಿಪಾಠ ಮಾಡಿಸಿದ್ದಳು, ನಾನು ಇಲ್ಲಿ ಕೂತು ಅದನ್ನು ಇಟ್ಟುಕೊಂಡು ಏನು ಮಾಡಬೇಕಿತ್ತೋ ಗೊತ್ತಿಲ್ಲ.

*

ಕೇಳಿದವಳು ನಾನೇ. ಅಮ್ಮನಿಗೆ ಮೇಲಿನದನ್ನು ಓದಿ ಹೇಳಿದೆ, ‘ಮೂರು ಮೆಸೇಜ್ ಆದ್ರೆ ಒಪ್ಪಿಗೆ’ ಅಂದರು. ಚೌಕಾಸಿ ನಡೀತಾ ಇದೆ. ಎಲ್ಲರಿಗೂ ಥ್ಯಾಂಕ್ಸ್. ಇನ್ನೆರಡು ಸಂಶಯ. ಒಂದು, ಸಂಜೆ ಆದ ಮೇಲೆ ಒಬ್ಬಳೇ ಏನು ಮಾಡೋದು? ಹಗಲು ಹೇಗೋ ಕಳೆಯುತ್ತೆ, ಸಂಜೆ ನೆನೆಸಿಕೊಂಡರೆ ಹೊಟ್ಟೆ ಕಿವುಚುತ್ತದೆ. ಎರಡು, ಅಲ್ಲಿ ಫೋನ್ ಕಿತ್ತುಕೊಂಡು ಹೋಗುತ್ತಾರಂತೆ, ನಿಜವಾ?

*

ಸಂಜೆ ಬಗ್ಗೆ ಕೇಳಿದ್ದು ಒಳ್ಳೇದಾಯಿತು. ಯಾಕಂದರೆ ನವೆಂಬರ್ ಕೊನೆಯಲ್ಲಿ ಅಲ್ಲಿ ಸಂಜೆ ಅನ್ನೋದು ನೀವು ಅಂದುಕೊಂಡ ಹೊತ್ತಿಗೆ ಬರಲ್ಲ. 4 ಗಂಟೆಗೆ ಸೂರ್ಯ ಮುಳುಗುತ್ತಾನೆ. ನಾಲ್ಕೂವರೆಗೆ ಕತ್ತಲು. ಇದು ನನಗೆ ಯಾರೂ ಹೇಳಿರಲಿಲ್ಲ. ಮೊದಲ ದಿನ ಊಟ ಮುಗಿಸಿ ಹೊರಗೆ ಬಂದರೆ ದೀಪ ಹಚ್ಚಿದ್ದಾರೆ! ಗಡಿಯಾರ ನೋಡಿದೆ, ನಾಲ್ಕೂ ಹತ್ತು. ಕತ್ತಲಾಯ್ತು ಅಂದರೆ ರೂಮ್ ಸೇರಬೇಕು ಅಂತ ಚಿಕ್ಕಂದಿನಿಂದ ಕೇಳಿ ಬೆಳೆದ ಜೀವ, ಹೋಗಿ ರೂಮಿನಲ್ಲಿ ಕೂತೆ. ಕಿಟಕಿ ಇಷ್ಟೇ ಇಷ್ಟು. ಏಳು ಗಂಟೆ ಹೊತ್ತಿಗೆ ಅಳು ಬಂತು, ಕಾರಣ ಏನೂ ಇಲ್ಲ, ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತೆ. ಪಕ್ಕದ ರೂಮಿನವರಿಗೆ ಕೇಳಿಸೀತು ಅಂತ ಭಯ, ನೋಡಿ.

ಎರಡನೇ ದಿನ ಉಪಾಯ ಬದಲಿಸಿದೆ. ಬಯಲಿನಲ್ಲಿ ನೋಡುವುದನ್ನೆಲ್ಲ ಬೆಳಿಗ್ಗೆ 8ರಿಂದ 3ರೊಳಗೆ ಮುಗಿಸಿದೆ. ಕತ್ತಲಾಗುವ ಹೊತ್ತಿಗೆ ಯಾವುದಾದರೂ ದೊಡ್ಡ ಕಟ್ಟಡದ ಒಳಗೆ ಇರುವ ಹಾಗೆ ನೋಡಿಕೊಂಡೆ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಟೇಟ್ ಮಾಡರ್ನ್, ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಇವಕ್ಕೆಲ್ಲ ಖಾಯಂ ಸಂಗ್ರಹ ನೋಡಲು ಟಿಕೆಟ್ ಇಲ್ಲ. ಬಹುತೇಕ ಸಂಜೆ ಐದು ಆರಕ್ಕೆ ಮುಚ್ಚುತ್ತಾರೆ, ಆದರೆ ಶುಕ್ರವಾರ ಬ್ರಿಟಿಷ್ ಮ್ಯೂಸಿಯಂ ರಾತ್ರಿ ಎಂಟೂವರೆ ತನಕ, ನ್ಯಾಷನಲ್ ಗ್ಯಾಲರಿ 9ರ ತನಕ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ 10ರ ತನಕ ತೆರೆದಿರುತ್ತವೆ. ನಿಮ್ಮ ಆರು ದಿನದಲ್ಲಿ ಶುಕ್ರವಾರ ಎಲ್ಲಿ ಬೀಳುತ್ತೆ ನೋಡಿಕೊಳ್ಳಿ. ಅಲ್ಲಿ ಒಬ್ಬರೇ ಓಡಾಡುವವರೇ ಜಾಸ್ತಿ, ನಿಮ್ಮನ್ನು ಯಾರೂ ತಿರುಗಿ ನೋಡಲ್ಲ.

ಇನ್ನೊಂದು, ನಾಟಕ. ಲೆಸ್ಟರ್ ಸ್ಕ್ವೇರ್‌ನಲ್ಲಿ ಟಿಕೆಟಿಎಸ್ ಅಂತ ಒಂದು ಪುಟ್ಟ ಮಳಿಗೆ ಇದೆ, ಅವತ್ತಿನ ಆಟಕ್ಕೆ ಉಳಿದ ಟಿಕೆಟ್‌ಗಳನ್ನು ಕಡಿಮೆ ದರಕ್ಕೆ ಮಾರುತ್ತಾರೆ. ಒಬ್ಬರೇ ಇದ್ದರೆ ಇಲ್ಲಿ ಲಾಭ. ಜೋಡಿ ಸೀಟು ಸಿಗದೆ ಗಂಡ ಹೆಂಡತಿ ಚರ್ಚೆ ಮಾಡುತ್ತಾ ನಿಂತಿರುತ್ತಾರೆ, ನಮಗೆ ನಡುವೆ ಎಲ್ಲೋ ಉಳಿದ ಒಂದು ಒಳ್ಳೆ ಸೀಟು ಸಿಕ್ಕಿಬಿಡುತ್ತದೆ. ಮುಗಿಯುವಾಗ ಹತ್ತು ಗಂಟೆ ಆಗುತ್ತೆ, ಆದರೆ ನೂರಾರು ಜನ ಒಟ್ಟಿಗೆ ಸ್ಟೇಷನ್ ಕಡೆ ನಡೆಯುತ್ತಿರುತ್ತಾರೆ, ಅವರ ಮಧ್ಯೆ ಸೇರಿಕೊಳ್ಳಿ. ತಡವಾಗಿ ಟ್ಯಾಕ್ಸಿ ಬೇಕಾದರೆ ಒಂದು ನಿಯಮ ನೆನಪಿರಲಿ. ಬೀದಿಯಲ್ಲಿ ಕೈ ತೋರಿಸಿ ಹತ್ತಬಹುದಾದದ್ದು ಬ್ಲ್ಯಾಕ್ ಕ್ಯಾಬ್ ಮಾತ್ರ. ಉಳಿದ ಎಲ್ಲ ಮಿನಿಕ್ಯಾಬ್‌ಗಳನ್ನು ಮುಂಚೆಯೇ ಬುಕ್ ಮಾಡಿರಬೇಕು. ‘ಟ್ಯಾಕ್ಸಿ ಬೇಕಾ’ ಅಂತ ತಾನಾಗಿ ಹತ್ತಿರ ಬಂದು ಕೇಳುವವನ ಮುಖ ಕೂಡ ನೋಡಬೇಡಿ.

ರೂಮಿನಲ್ಲಿ ಅತ್ತರೆ ಅತ್ತುಬಿಡಿ, ನಾಚಿಕೆ ಏನಿಲ್ಲ. ನನಗೆ ಮೂರನೇ ಸಂಜೆಯಿಂದ ಬರಲಿಲ್ಲ.

*

ಫೋನ್ ಕಿತ್ತುಕೊಳ್ಳುವುದು ನಿಜ. ಎಲೆಕ್ಟ್ರಿಕ್ ಸೈಕಲ್ ಮೇಲೆ ಫುಟ್‌ಪಾತ್ ಪಕ್ಕಕ್ಕೇ ಬರುತ್ತಾರೆ, ಸದ್ದೇ ಇರಲ್ಲ. ನನ್ನದು ಹೋಗಲಿಲ್ಲ, ನನ್ನ ಮುಂದೆ ಹತ್ತು ಹೆಜ್ಜೆ ದೂರದಲ್ಲಿ ನಡೆಯುತ್ತಿದ್ದ ಹುಡುಗನದು ಹೋಯಿತು. ಅವನ ಕೈ ಇನ್ನೂ ಫೋನ್ ಹಿಡಿದ ಹಾಗೇ ಮುಖದ ಮುಂದೆ ಇತ್ತು, ಫೋನ್ ಇರಲಿಲ್ಲ. ಹೆದರಿಸಲು ಹೇಳುತ್ತಿಲ್ಲ. ದಾರಿ ನೋಡಬೇಕಾದರೆ ರಸ್ತೆ ಅಂಚಿನಿಂದ ಒಳಗೆ ಸರಿದು, ಗೋಡೆಗೆ ಬೆನ್ನು ಕೊಟ್ಟು ನಿಂತು ನೋಡಿ, ಆಮೇಲೆ ಜೇಬಿಗೆ ಹಾಕಿ ನಡೆಯಿರಿ. ನಡೆಯುತ್ತಾ ನೋಡುವುದು ಬೇಡ.

ರಸ್ತೆ ದಾಟುವ ಕಡೆ ನೆಲದ ಮೇಲೆ ಯಾವ ಕಡೆ ನೋಡಬೇಕು ಅಂತ ದೊಡ್ಡದಾಗಿ ಬರೆದಿರುತ್ತಾರೆ. ಓದಿ. ಏಕಮುಖ ರಸ್ತೆ ಬಹಳ.

*

ಎಲ್ಲರೂ ಹಾಳೆ, ಪಟ್ಟಿ, ಎರಡೆರಡು ಅಡಾಪ್ಟರ್ ಅನ್ನುತ್ತಿದ್ದೀರಿ. ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ, ಬೇಜಾರಾಗಬೇಡಿ. ನಾನು ಮೊದಲ ಸಲ ಹೋದಾಗ ಅರ್ಧರ್ಧ ಗಂಟೆಗೆ ಏನು ಅಂತ ಎಕ್ಸೆಲ್‌ನಲ್ಲಿ ಬರೆದುಕೊಂಡು ಹೋಗಿದ್ದವನು. ಮೊದಲ ದಿನ 11 ಗಂಟೆಗೇ ನಲವತ್ತು ನಿಮಿಷ ಹಿಂದೆ ಬಿದ್ದೆ. ಅಷ್ಟಕ್ಕೇ ಎದೆ ಢವಢವ. ಯಾರಿಗೆ ತಡವಾಯಿತು? ಯಾರೂ ಕಾಯುತ್ತಿರಲಿಲ್ಲ. ಒಬ್ಬನೇ ಹೋದ ಸುಖವೇ ಅದು ಅಲ್ವಾ, ಅದನ್ನೇ ನಾನು ಹಾಳು ಮಾಡಿಕೊಳ್ಳುತ್ತಿದ್ದೆ. ಇಳಿದ ದಿನದ ಹಾಳೆ ಇರಲಿ, ಅದು ಸರಿ. ಅಲ್ಲಿಂದಾಚೆ ದಿನಕ್ಕೆ ಒಂದೇ ಒಂದು ಗುರಿ ಸಾಕು.

ದಾರಿ ತಪ್ಪುವ ಭಯಕ್ಕೆ ಎರಡು ವಿಷಯ. ಟ್ಯೂಬ್ ಮ್ಯಾಪ್ ನೋಡಿ ದೂರ ಅಂದಾಜು ಮಾಡಬೇಡಿ. ಹ್ಯಾರಿ ಬೆಕ್ ಅನ್ನುವವರು 1931ರಲ್ಲಿ ಬರೆದ ಮಾದರಿ ಅದು, ನೇರ ಗೆರೆ ಎಳೆದು ಓದಲು ಸುಲಭ ಮಾಡಿದ್ದಾರೆ, ನೆಲದ ಅಳತೆಗೆ ಸಂಬಂಧ ಇಲ್ಲ. ಲೆಸ್ಟರ್ ಸ್ಕ್ವೇರ್‌ನಿಂದ ಕಾವೆಂಟ್ ಗಾರ್ಡನ್‌ಗೆ ಮ್ಯಾಪಿನಲ್ಲಿ ಒಂದು ಸ್ಟೇಷನ್ ಕಾಣುತ್ತದೆ, ನಾನು ಗಂಭೀರವಾಗಿ ಇಳಿದು ಹತ್ತಿ ಹೋದೆ. ಆ ಎರಡು ಸ್ಟೇಷನ್ ನಡುವೆ ಹಳಿ 300 ಮೀಟರ್ ಕೂಡ ಇಲ್ಲ, ಮೇಲೆ ನಡೆದೇ ಹೋಗಬಹುದಿತ್ತು.

ಎರಡನೆಯದು ಬೀದಿ ಬದಿಯ ನಕ್ಷೆ ಕಂಬಗಳು. ಊರ ನಡುವೆ ಎಲ್ಲ ಕಡೆ ಇವೆ. ನಾನು ಮೊದಲು ಅದನ್ನು ನೋಡಿ, ಇದ್ಯಾಕೋ ತಪ್ಪು ಮುದ್ರಣ, ನದಿ ಮೇಲ್ಗಡೆ ಬಂದಿದೆ ಅಂದುಕೊಂಡೆ. ಫೋನ್ ತೆಗೆದು ಹೋಲಿಸಿದೆ, ಕತ್ತು ಓರೆ ಮಾಡಿದೆ, ಕಂಬದ ಆ ಕಡೆ ಹೋಗಿ ನೋಡಿದರೆ ಅಲ್ಲಿ ನದಿ ಕೆಳಗಡೆ! ಆಮೇಲೆ ಹೊಳೆಯಿತು. ಆ ನಕ್ಷೆಯಲ್ಲಿ ಮೇಲ್ಗಡೆ ಇರುವುದು ಉತ್ತರ ದಿಕ್ಕಲ್ಲ, ನೀವು ಮುಖ ಮಾಡಿ ನಿಂತಿರುವ ದಿಕ್ಕು. ನಕ್ಷೆಯಲ್ಲಿ ಬಲಕ್ಕಿದ್ದರೆ ನಿಮ್ಮ ಬಲಕ್ಕೇ ಇದೆ. ಐದು ನಿಮಿಷದ ನಡಿಗೆಯಲ್ಲಿ ಏನೇನು ಸಿಗುತ್ತದೆ ಅಂತ ಒಂದು ವೃತ್ತವನ್ನೂ ಹಾಕಿರುತ್ತಾರೆ. ಫೋನ್ ತೆಗೆಯದೆ ಇಡೀ ಮಧ್ಯಾಹ್ನ ಹೀಗೇ ಕಂಬದಿಂದ ಕಂಬಕ್ಕೆ ನಡೆದಿದ್ದೇನೆ.

ಯಾವ ನಕ್ಷೆಯೂ ಬೇಡ ಅಂತಾದರೆ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಥೇಮ್ಸ್‌ನ ದಕ್ಷಿಣ ದಂಡೆಗೆ ಬಂದು ಟವರ್ ಬ್ರಿಡ್ಜ್ ಕಡೆ ನಡೆಯಿರಿ. ನದಿ ನಿಮ್ಮ ಎಡಕ್ಕಿದ್ದರೆ ದಾರಿ ಸರಿ ಅಂತ ಲೆಕ್ಕ. ನ್ಯಾಷನಲ್ ಥಿಯೇಟರ್, ಟೇಟ್ ಮಾಡರ್ನ್, ಷೇಕ್ಸ್‌ಪಿಯರ್‌ನ ಗ್ಲೋಬ್ ರಂಗಮಂದಿರ, ಬರೋ ಮಾರ್ಕೆಟ್ ಎಲ್ಲ ದಾರಿಯಲ್ಲೇ ಬರುತ್ತವೆ. ಬೆಂಚ್ ಬೇಕಾದಷ್ಟಿದೆ. ಮಳೆ ಬಂದರೆ ಟೇಟ್ ಒಳಗೆ ನುಗ್ಗಿ.

*

ವಾಪಸ್ ಬರುವ ದಿನದ ಬಗ್ಗೆ ಒಂದು ಮಾತು. ಆ ಹೊತ್ತಿಗೆ ಧೈರ್ಯ ಬಂದಿರುತ್ತದೆ, ತಪ್ಪು ಆಗುವುದು ಆಗಲೇ. ಪಿಕಡಿಲಿ ಲೈನಿನಲ್ಲಿ ಹೀಥ್ರೋ ಕಡೆ ಹೋಗುವ ಪ್ಲಾಟ್‌ಫಾರ್ಮಿಗೆ ಬರುವ ಎಲ್ಲ ರೈಲೂ ಹೀಥ್ರೋಗೆ ಹೋಗಲ್ಲ. ಆ್ಯಕ್ಟನ್ ಟೌನ್ ಆದ ಮೇಲೆ ದಾರಿ ಕವಲೊಡೆಯುತ್ತದೆ, ಕೆಲವು ಅಕ್ಸ್‌ಬ್ರಿಜ್ ಕಡೆ ಹೋಗುತ್ತವೆ. ನಾನು ಹಳೇ ಹುಲಿಯ ಹಾಗೆ ಬೋರ್ಡ್ ನೋಡದೆ ಹತ್ತಿ, ಕಿವಿಗೆ ಹಾಡು ಹಾಕಿಕೊಂಡು ಕೂತೆ. ಯಾವುದೋ ಹಸಿರು ಹಸಿರು ಜಾಗ ಬರುತ್ತಿದೆ, ವಿಮಾನ ಒಂದೂ ಕಾಣುತ್ತಿಲ್ಲ. ಎದುರಿಗೆ ಕೂತಿದ್ದ ಅಜ್ಜಿ ನನ್ನ ಸೂಟ್‌ಕೇಸ್ ನೋಡಿ ತಾವಾಗಿಯೇ, ಮುಂದಿನದರಲ್ಲಿ ಇಳಿದು ವಾಪಸ್ ಹೋಗಪ್ಪ ಅನ್ನೋ ಹಾಗೆ ಕೈ ಸನ್ನೆ ಮಾಡಿದರು. ವಿಮಾನ ಸಿಕ್ಕಿತು, ಓಡಿದ್ದಕ್ಕೆ. ಟರ್ಮಿನಲ್ 4ಕ್ಕೂ 5ಕ್ಕೂ ರೈಲು ಬೇರೆ ಬೇರೆ, ಅದನ್ನೂ ರೈಲಿನ ಹಣೆ ಮೇಲೆ ಓದಿ ಹತ್ತಿ.

*

ಕೇಳಿದವಳು ನಾನೇ, ರೂಮಿನಿಂದ ಬರೆಯುತ್ತಿದ್ದೇನೆ!

ಸಾಲಿನಲ್ಲಿ ಐವತ್ತು ನಿಮಿಷ. ಪ್ರಶ್ನೆ ಮೂರೇ. ಎಲಿಜಬೆತ್ ಲೈನ್ ಹಿಡಿದೆ, ಕಾರ್ಡ್ ಎಡ ಜೇಬು, ಅದೇ ಕಾರ್ಡಿನಲ್ಲಿ ಹೊರಗೆ ಬಂದೆ. ಬ್ಯಾಗ್ ಇಟ್ಟುಕೊಂಡರು. ನದಿಯನ್ನು ಎಡಕ್ಕೆ ಇಟ್ಟುಕೊಂಡು ನಡೆದೆ, ಟೇಟ್ ತನಕ ಆಯಿತು, ಮುಂದೆ ಕಾಲು ಬರಲಿಲ್ಲ. ನಕ್ಷೆ ಕಂಬದ ಮುಂದೆ ಯಾರೋ ಒಬ್ಬರು ಕತ್ತು ಓರೆ ಮಾಡಿ ನಿಂತಿದ್ದರು, ಅವರಿಗೆ ಹೇಳಿಕೊಟ್ಟೆ. ಅಮ್ಮನಿಗೆ ಮೆಸೇಜ್ ಒಂದು ಆಯಿತು, ಇನ್ನೆರಡು ಬಾಕಿ. 4 ಗಂಟೆಗೆ ಕತ್ತಲಾದಾಗ ಎದೆ ಧಸಕ್ ಅಂದಿದ್ದು ನಿಜ, ಆದರೆ ಗೊತ್ತಿತ್ತಲ್ಲ, ಹಾಗಾಗಿ ಅಳು ಬರಲಿಲ್ಲ. ನಾಳೆಗೆ ಇಟ್ಟುಕೊಂಡಿದ್ದೇನೆ.

ಅಡಾಪ್ಟರ್ ಎರಡೂ ಮನೆಯಲ್ಲಿ, ಮೇಜಿನ ಮೇಲೆ, ಮರೆಯಬಾರದು ಅಂತ ಎದ್ದು ಕಾಣೋ ಹಾಗೆ ಇಟ್ಟಿದ್ದೆ. ಅಲ್ಲೇ ಇವೆ. ಸದ್ಯಕ್ಕೆ ಟಿವಿ ಹಿಂದಿನ ಯುಎಸ್‌ಬಿಗೆ ಫೋನ್ ಸಿಕ್ಕಿಸಿ, ಗೋಡೆ ಕಡೆ ತಿರುಗಿ ನಿಂತು ಇಷ್ಟು ಟೈಪ್ ಮಾಡಿದ್ದೇನೆ. ಎರಡು ತಗೊಳ್ಳಿ ಅಂದವರು ನಗಬೇಡಿ.